ರಂಗಭವನದ ಬಯಲಿನಲ್ಲಿ ಕದ್ರಿಯ ಸ್ಯಾಕ್ಸೋಫೋನ್



ಜಾಝ್ ಎಂದರೆ ಪರದೇಶದವರ ಗದ್ದಲ ಎಂದು ಮನೆಯ ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಕರ್ನಾಟಕ ಸಂಗೀತವೆಂದರೆ ಅಪ್ಪ-ಅಮ್ಮಂದಿರ ಕಾಲದ್ದು ಎಂದು ನೀವೂ ಅಂದುಕೊಂಡಿರಬಹುದು. ಇವೆರಡೂ ಒಂದೇ ವೇದಿಕೆಯಲ್ಲಿ ಕೂಡಿದ್ದು ನಮ್ಮ ಮುಂಬಯಿಯಲ್ಲಿ, ಕೂಡಿಸಿದವರು ನಮ್ಮ ಕನ್ನಡ ನಾಡಿನವರು.

1978ರಲ್ಲಿ ನಿರಂಜನ್ ಝವೇರಿ ಮತ್ತು ಅವರ ಗೆಳೆಯರು ಮುಂಬಯಿಯಲ್ಲಿ 'ಜಾಝ್ ಯಾತ್ರಾ' ಆರಂಭಿಸಿದರು. ಧೋಬಿ ತಲಾವ್‌ನಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜಿನ ಪಕ್ಕದ ರಂಗಭವನ ಅದರ ಮನೆಯಾಯಿತು. ಮೇಲೆ ಮಾಡಿಲ್ಲ, ಆಕಾಶವೇ ಚಪ್ಪರ. ಡೊಂಬಿವಲಿಯಿಂದ ಲೋಕಲ್ ಹಿಡಿದು, ವಿ.ಟಿ.ಯಲ್ಲಿಳಿದು ನಾನೂ ಒಮ್ಮೆ ಅಲ್ಲಿಗೆ ಹೋಗಿದ್ದೆ. ಒಬ್ಬ ನುಡಿಸುತ್ತಾ ರಾಗವನ್ನು ಬೆಳೆಸಿದರೆ ಉಳಿದವರು ತಗ್ಗಿ ಆಸರೆ ಕೊಡುತ್ತಿದ್ದರು. ಆಮೇಲೆ ಇನ್ನೊಬ್ಬನ ಸರದಿ. ನಮ್ಮ ಕಛೇರಿಯ ಮನೋಧರ್ಮಕ್ಕೂ ಇದಕ್ಕೂ ನಂಟಿದೆ ಎನ್ನಿಸಿತು. ಕೊನೆಯ ಗಾಡಿ ತಪ್ಪೀತೆಂದು ಮಧ್ಯದಲ್ಲೇ ಏಳಬೇಕಾಯಿತೆಂಬುದೊಂದೇ ಬೇಸರ.

ಕದ್ರಿ ಗೋಪಾಲನಾಥರು 1949ರಲ್ಲಿ ಬಂಟ್ವಾಳ ತಾಲೂಕಿನಲ್ಲಿ ಹುಟ್ಟಿದವರು. ತಂದೆ ನಾಗಸ್ವರ ವಿದ್ವಾಂಸರು. ಬಾಲಕನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಗಮಕಕ್ಕೆ ಸ್ವರದಿಂದ ಸ್ವರಕ್ಕೆ ಜಾರಬೇಕು. ಕೀಲಿಗಳಿರುವ ಆ ವಾದ್ಯಕ್ಕೆ ಅದು ಸುಲಭವಲ್ಲ. ವರ್ಷಗಟ್ಟಲೆ ಸಾಧನೆ ಮಾಡಿ ಅವರು ಅದನ್ನು ಒಲಿಸಿಕೊಂಡರು. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ, ತಾನೂ ಜತೆಗೂಡಬಹುದೇ ಎಂದು ಕೇಳಿ ವೇದಿಕೆ ಏರಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್, 2004ರಲ್ಲಿ ಪದ್ಮಶ್ರೀ. 2019ರಲ್ಲಿ ಅವರು ತೀರಿಕೊಂಡರು.

ನಿಮಗೆ ಇನ್ನೂ ಹತ್ತಿರದವರು ರುದ್ರೇಶ್ ಮಹಾಂತಪ್ಪ. ಹೆಸರು ಕೇಳಿದರೆ ನಮ್ಮೂರಿನ ಹುಡುಗ; ಬೆಳೆದದ್ದು ಅಮೆರಿಕದ ಕೊಲೊರಾಡೋದಲ್ಲಿ, ಕಲಿತದ್ದು ಜಾಝ್ ಸ್ಯಾಕ್ಸೋಫೋನ್. ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಗೋಪಾಲನಾಥರ ಆಲ್ಬಮ್ ಒಂದನ್ನು ಕೈಗಿತ್ತರಂತೆ. ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಅವರು ಗೋಪಾಲನಾಥರನ್ನೇ ಹುಡುಕಿಕೊಂಡು ಬಂದರು. 2008ರಲ್ಲಿ ಇಬ್ಬರೂ ಸೇರಿ ನುಡಿಸಿದ 'ಕಿನ್ಸ್‌ಮೆನ್' ಹೊರಬಂತು. ಅದಕ್ಕಾಗಿ ಅವರು ಜಾಝನ್ನು ಬಿಡಲಿಲ್ಲ, ಗೋಪಾಲನಾಥರು ರಾಗವನ್ನು ಬಿಡಲಿಲ್ಲ.

ಇದನ್ನು ನಿಮಗೆ ಹೇಳಲು ಕಾರಣವಿದೆ. ಠಾಣೆ, ಕಲ್ಯಾಣ, ವಾಶಿಯ ನಮ್ಮ ಎಷ್ಟೋ ಮಕ್ಕಳು "ನನ್ನ ಕನ್ನಡದಲ್ಲಿ ಮರಾಠಿ ಬೆರೆತಿದೆ, ನಗುತ್ತಾರೆ" ಎಂದು ಸಂಘದ ವೇದಿಕೆಗೆ ಬರಲು ಹಿಂಜರಿಯುತ್ತಾರೆ. ಮರಾಠಿಯನ್ನೋ ಇಂಗ್ಲಿಷನ್ನೋ ಬಿಟ್ಟು ಬನ್ನಿ ಎಂದು ಯಾರೂ ಕೇಳುತ್ತಿಲ್ಲ. ನಿಮ್ಮ ಕೈಯಲ್ಲಿರುವ ವಾದ್ಯವನ್ನೇ ಹಿಡಿದು ಬನ್ನಿ. ಗಮಕವನ್ನು ಇಲ್ಲಿ ಕಲಿಯಬಹುದು. ಆದರೆ ಕಲಿಯಬೇಕು, ಸಾಧನೆಯಿಲ್ಲದೆ ಅದು ಬರುವುದಿಲ್ಲ. ಹಿರಿಯರಾದ ನಾವೂ ನಗುವುದನ್ನು ಬಿಟ್ಟು, ರಂಗಭವನದ ಆ ಕಲಾವಿದರಂತೆ, ನೀವು ಮಾತನಾಡುವಾಗ ತಗ್ಗಿ ಆಸರೆಯಾಗುವುದನ್ನು ಕಲಿಯಬೇಕು.

ಅಕ್ಕಪಕ್ಕದ ಆಸ್ಪತ್ರೆಗಳಿಂದಾಗಿ ನಿಶ್ಶಬ್ದ ವಲಯದ ನಿಯಮ ಬಂದು ರಂಗಭವನದ ಕಛೇರಿಗಳು ನಿಂತುಹೋದವು. ನಿಮ್ಮೂರಿನ ಉದ್ಯಾನದಲ್ಲಿ ಎಂದಾದರೂ ಬಯಲು ಸಂಗೀತವಿದ್ದರೆ ತಪ್ಪದೆ ಹೋಗಿ ಕೇಳಿ. ಬರುವಾಗ ಅಪ್ಪ-ಅಮ್ಮನನ್ನೂ ಕರೆದುಕೊಂಡು ಹೋಗಿ.