ಅಘನಾಶಿನಿಯ ದಡದ ಊಟದೆಲೆ

ಅಘನಾಶಿನಿ ಉತ್ತರ ಕನ್ನಡ ಜಿಲ್ಲೆಯ ನದಿ. ಹೆಸರಿನ ಅರ್ಥ, ಪಾಪವನ್ನು ನಾಶ ಮಾಡುವವಳು. ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುತ್ತಾಳೆ. ಒಟ್ಟು ಉದ್ದ ಸುಮಾರು 120 ಕಿ.ಮೀ. ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ.

ಕಳೆದ ಮಾರ್ಚಿನಲ್ಲಿ ನಾನು ಮತ್ತು ಆರನೇ ತರಗತಿಯ ನನ್ನ ಮೊಮ್ಮಗಳು ಶಿರಸಿ ಸೀಮೆಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯ ಮನೆಗೆ ಹೋಗಿದ್ದೆವು. ಮಧ್ಯಾಹ್ನ ಬಾಳೆಲೆ ಹಾಕಿದರು. ಕೆಂಪಕ್ಕಿ ಅನ್ನ, ಒಂದೆಲಗದ ತಂಬುಳಿ, ಮೊಗೆಕಾಯಿ ಹುಳಿ, ಬಾಳೆದಿಂಡಿನ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ, ಮಜ್ಜಿಗೆ. ಮೊಮ್ಮಗಳು ಕೇಳಿದಳು, "ಅಜ್ಜಾ, ಇದರಲ್ಲಿ ಅಂಗಡಿಯಿಂದ ತಂದದ್ದು ಯಾವುದು?"

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಊಟವಾದ ಮೇಲೆ ಕಾಗದದ ನಡುವೆ ಗೆರೆ ಎಳೆದೆ. ಎಡಕ್ಕೆ 'ಊರಿನದು', ಬಲಕ್ಕೆ 'ಹೊರಗಿನದು'.

ಎಡಗಡೆ ಬೇಗ ತುಂಬಿತು. ಅಕ್ಕಿ ಮನೆಯ ಗದ್ದೆಯದು. ತೆಂಗಿನಕಾಯಿ, ಬಾಳೆದಿಂಡು, ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು ತೋಟದವು. ಒಂದೆಲಗ ತೋಟದ ಕಾಲುವೆಯ ಪಕ್ಕ ತಾನಾಗಿ ಬೆಳೆದದ್ದು. ಅದನ್ನು ತೆಂಗಿನತುರಿ, ತುಪ್ಪದಲ್ಲಿ ಹುರಿದ ಜೀರಿಗೆ ಮತ್ತು ಕಾಳುಮೆಣಸಿನೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಕುದಿಸುವ ಕೆಲಸವೇ ಇಲ್ಲ. ಮೊಗೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ತೊಲೆಗೆ ತೂಗುಹಾಕಿದ್ದರು. ತಿಂಗಳುಗಟ್ಟಲೆ ಕೆಡುವುದಿಲ್ಲ, ಫ್ರಿಜ್ ಬೇಡ.

ಬಲಗಡೆಯೂ ಖಾಲಿ ಉಳಿಯಲಿಲ್ಲ. ತೊಗರಿಬೇಳೆ ಕಲಬುರಗಿ ಕಡೆಯದು, ಒಣಮೆಣಸು ಬ್ಯಾಡಗಿಯದು. ಜೀರಿಗೆ ಬೆಳೆಯುವುದು ಗುಜರಾತ್, ರಾಜಸ್ಥಾನಗಳಲ್ಲಿ. ಇಂಗಿನ ಅಂಟು ಅಫ್ಘಾನಿಸ್ತಾನದಂಥ ದೂರದ ನಾಡುಗಳಿಂದ ಬರುತ್ತದೆ! ಮೆಣಸಿನಕಾಯಿ ಗಿಡವೂ ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದ ನೆಂಟ. ಹೊರಗಿನದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಇಲ್ಲಿ ಅದು ಒಗ್ಗರಣೆಯಷ್ಟು, ಹೊಟ್ಟೆ ತುಂಬಿಸುವುದು ಊರಿನದು.

ಉಪ್ಪು ಯಾವ ಕಡೆಗೆ? ಮರುದಿನ ದೇವಿಮನೆ ಘಟ್ಟ ಇಳಿದು ಅದನ್ನೇ ನೋಡಲು ಹೋದೆವು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಭರತದ ನೀರನ್ನು ಮಡಿಗಳಿಗೆ ಬಿಟ್ಟು ಬಿಸಿಲಿಗೆ ಒಣಗಿಸುತ್ತಾರೆ. ನೀರು ಆರಿದಂತೆ ಹರಳುಪ್ಪು ಕಟ್ಟುತ್ತದೆ, ಅದನ್ನು ಎಳೆದು ರಾಶಿ ಹಾಕುತ್ತಾರೆ. ಮಳೆಗಾಲದಲ್ಲಿ ಕೆಲಸ ಬಂದ್. ಅಲ್ಲೇ ಅಳಿವೆಯ ಗಜನಿ ಭೂಮಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಎತ್ತರದ ಪೈರು, ಗೊಬ್ಬರ ಹಾಕುವುದಿಲ್ಲ. ಕೊಯ್ಲಾದ ಮೇಲೆ ಉಳಿದ ಕೂಳೆ ಮೀನು, ಸಿಗಡಿಗಳಿಗೆ ಆಹಾರ. ಆದರೆ ಕಗ್ಗ ಬಿತ್ತುವವರು ಈಗ ಕಡಿಮೆಯಾಗಿದ್ದಾರೆ. ಒಡ್ಡು ಒಡೆದರೆ ಊರೆಲ್ಲ ಒಟ್ಟಾಗಿ ಕಟ್ಟಬೇಕು, ಒಬ್ಬನಿಂದ ಆಗುವ ಬೇಸಾಯವಲ್ಲ.

ಅಪ್ಪೆಮಿಡಿಯ ಕಥೆಯೂ ಹಾಗೆಯೇ. ಇದು ಹೊಳೆದಂಡೆಯ ಕಾಡುಮಾವಿನ ಎಳೆಗಾಯಿ. ಪರಿಮಳಕ್ಕೆ ಹೆಸರಾಗಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆದಿದೆ. ಮಿಡಿಯನ್ನು ತೊಟ್ಟು ಸಮೇತ ಕೊಯ್ದು, ಬುಟ್ಟಿಯಲ್ಲಿಟ್ಟು ಹಗ್ಗದಿಂದ ಇಳಿಸಬೇಕು. "ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸುತ್ತದೆ ಮಾವ" ಎಂದಳು ಗೆಳೆಯನ ಸೊಸೆ. ಮಿಡಿಗೆ ಒಳ್ಳೆಯ ಬೆಲೆ ಬಂದಮೇಲೆ ಕೆಲವರು ಮರ ಹತ್ತುವ ಕಷ್ಟ ಬೇಡವೆಂದು ಕೊಂಬೆಯನ್ನೇ ಕಡಿದು ಕೆಡವುತ್ತಾರೆ. ಕಡಿದ ಕೊಂಬೆ ಮುಂದಿನ ವರ್ಷ ಎಲ್ಲಿಂದ ಕಾಯಿ ಕೊಡಬೇಕು? ಓಟೆ ನೆಟ್ಟರೆ ತಾಯಿಮರದ ಪರಿಮಳವೇ ಬರುತ್ತದೆಂಬ ನಂಬಿಕೆಯಿಲ್ಲ. ಅದಕ್ಕೇ ಗೆಳೆಯ ಹೊಳೆದಂಡೆಯ ಮರದಿಂದ ಕಡ್ಡಿ ತಂದು ಕಸಿ ಕಟ್ಟಿದ್ದಾನೆ. ಮನೆಯ ಹಿಂದೆ ನಾಲ್ಕು ಗಿಡ ಮೊಣಕಾಲೆತ್ತರ ಬೆಳೆದಿವೆ. ಅವನಿಗೂ ನನ್ನಷ್ಟೇ ವಯಸ್ಸು. "ಇದರ ಮಿಡಿ ತಿನ್ನುವವರು ಇವರು" ಎಂದು ನನ್ನ ಮೊಮ್ಮಗಳ ಕೈಗೆ ನೀರಿನ ಚೊಂಬು ಕೊಟ್ಟ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಮರ ಅಸಲು, ಮಿಡಿ ಬಡ್ಡಿ. ಬಡ್ಡಿ ತಿನ್ನಬಹುದು, ಅಸಲಿಗೆ ಕೈ ಹಾಕಬಾರದು.

ಮಕ್ಕಳೇ, ಈ ಭಾನುವಾರ ನೀವೂ ಕಾಗದದ ನಡುವೆ ಒಂದು ಗೆರೆ ಎಳೆಯಿರಿ. ಮಂಡ್ಯದವರಾದರೆ ರಾಗಿ, ಬೆಲ್ಲ ಎಡಕ್ಕೆ ಬಂದೀತು. ವಿಜಯಪುರದವರಾದರೆ ಜೋಳದ ರೊಟ್ಟಿ. ಬೆಂಗಳೂರಿನ ಮಹಡಿಮನೆಯಾದರೆ ಕುಂಡದ ದೊಡ್ಡಪತ್ರೆಯಾದರೂ ಸಿಕ್ಕೀತು. ಅದರಿಂದಲೂ ತಂಬುಳಿ ಆಗುತ್ತದೆ. ಗೊತ್ತಾಗದಿದ್ದರೆ ಅಜ್ಜಿಯನ್ನು ಕೇಳಿ. ಅಜ್ಜಿಯರೇ, ಹೇಳುವಾಗ ಮಗುವಿನ ಕೈಯಲ್ಲೇ ಒಮ್ಮೆ ರುಬ್ಬಿಸಿ.