ಬೆಂಗಳೂರಿನ ಪೇಟೆಗಳೂ ಸಂಸಾರದ ಸಾಮಾನೂ

ಊರಿನಲ್ಲಿದ್ದ ಕುಟುಂಬವೊಂದು ನೌಕರಿಯ ನಿಮಿತ್ತ ಬೆಂಗಳೂರಿಗೆ ಬಂದು ನೆಲೆಸಿದಾಗ ಮೊದಲು ಎದುರಾಗುವ ಚಿಂತೆ ಬಾಡಿಗೆಯದು, ಎರಡನೆಯದು ಮಕ್ಕಳ ಶಾಲೆಯದು, ಮೂರನೆಯದು ಅಡುಗೆಮನೆಯದು. ಬಾಡಿಗೆಯನ್ನು ಮನೆಯ ಮಾಲೀಕರು ಗೊತ್ತು ಮಾಡುತ್ತಾರೆ, ಶುಲ್ಕವನ್ನು ಶಾಲೆಯವರು ಗೊತ್ತು ಮಾಡುತ್ತಾರೆ. ಅಲ್ಲಿ ನಮ್ಮ ಮಾತು ನಡೆಯದು. ಅಡುಗೆಮನೆಯ ವೆಚ್ಚವೊಂದೇ ನಮ್ಮ ಕೈಯಲ್ಲಿ ಉಳಿದಿರುವುದು. ತಿಂಗಳ ಕೊನೆಯ ವಾರದಲ್ಲಿ ಕೈಗಡ ಮಾಡಬೇಕೋ ಬೇಡವೋ ಎಂಬುದು ಅನೇಕ ಮನೆಗಳಲ್ಲಿ ಈ ಒಂದು ವೆಚ್ಚದಿಂದಲೇ ತೀರ್ಮಾನವಾಗುತ್ತದೆ. ಆದುದರಿಂದ ‘ಬೆಂಗಳೂರಿನಲ್ಲಿ ಸಾಮಾನು ಎಲ್ಲಿ ಅಗ್ಗ?’ ಎಂಬುದು ಹಗುರವಾದ ಪ್ರಶ್ನೆಯಲ್ಲ. ಕಲಬುರಗಿ, ವಿಜಯಪುರ, ಹಾವೇರಿಯ ಕಡೆಯಿಂದ ಬಂದ ಬಂಧುಗಳು ಮತ್ತೆ ಮತ್ತೆ ಕೇಳುವ ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ನಗರದ ಪೇಟೆಗಳನ್ನು ಒಂದೊಂದಾಗಿ ಸುತ್ತಿ ಬಂದೆವು.

ಸುತ್ತಾಟಕ್ಕೆ ಈಗ ಅನುಕೂಲ ಹೆಚ್ಚು. 2017ರ ಜೂನ್ ತಿಂಗಳಿನಿಂದ ಮೆಟ್ರೊ ರೈಲಿನ ಹಸಿರು ಮಾರ್ಗವು ಯಶವಂತಪುರ, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್‌ಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲದೆ ಪ್ರಯಾಣಿಸಬಹುದಾಗಿದೆ. ಇದರಿಂದ ಗೃಹಿಣಿಯರ ಲೆಕ್ಕಾಚಾರವೇ ಬದಲಾಗಿದೆ. ಪೇಟೆಯಲ್ಲಿ ಐವತ್ತು ರೂಪಾಯಿ ಉಳಿಸಿ ದಾರಿಯಲ್ಲಿ ಅರವತ್ತು ಕಳೆದರೆ ಅದು ಉಳಿತಾಯವಲ್ಲವಷ್ಟೆ.

ಮೊದಲು ಯಶವಂತಪುರ. ಇಲ್ಲಿಯ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣವೇ ಒಂದು ಸಣ್ಣ ಊರಿನಂತಿದೆ. ಬೆಳಗಿನ ಹೊತ್ತು ಲಾರಿಗಳ ಸಾಲು, ಮೂಟೆ ಹೊರುವ ಹಮಾಲರ ಕೂಗು, ಮಂಡಿಗಳ ಮುಂದೆ ರಾಶಿ ರಾಶಿ ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ. ಚಿತ್ರದುರ್ಗದ ಈರುಳ್ಳಿ, ಹಾಸನದ ಆಲೂಗಡ್ಡೆ, ಕಲಬುರಗಿಯ ತೊಗರಿ, ತುಮಕೂರಿನ ಹುಣಸೆ ಎಲ್ಲವೂ ಬೆಂಗಳೂರಿನ ಬಾಣಲೆಗೆ ಬೀಳುವ ಮೊದಲು ಇಂಥ ಮಂಡಿಗಳನ್ನು ಹಾದು ಬರುತ್ತವೆ. ಆದರೆ ಇದು ಸಗಟಿನ ಸ್ಥಳ. ಇಲ್ಲಿ ಮೂಟೆಯ ಲೆಕ್ಕವೇ ಹೊರತು ಅರ್ಧ ಕಿಲೋದ ಲೆಕ್ಕವಿಲ್ಲ. ನಾಲ್ಕು ಜನರ ಸಂಸಾರವು ಒಂದು ಮೂಟೆ ಈರುಳ್ಳಿ ಕೊಂಡರೆ ಅರ್ಧ ಮುಗಿಯುವಷ್ಟರಲ್ಲಿ ಇನ್ನರ್ಧ ಮೊಳೆಯುತ್ತದೆ ಇಲ್ಲವೆ ಕೊಳೆಯುತ್ತದೆ. ಒಂದೇ ಬೀದಿಯ ನಾಲ್ಕೈದು ಮನೆಯವರು ಕೂಡಿಕೊಂಡು ಒಂದು ಮೂಟೆ ತಂದು ಹಂಚಿಕೊಂಡರೆ ಮಾತ್ರ ಯಶವಂತಪುರ ನಿಜವಾಗಿ ಅಗ್ಗ. ಒಂಟಿಯಾಗಿ ಹೋದವರಿಗೆ ಅದು ನೋಡಲು ಚೆಂದದ ಸಂತೆ, ಅಷ್ಟೇ.

ಅಲ್ಲಿಂದ ಹಳೆಯ ಪೇಟೆಗೆ ಬಂದೆವು. ಕೆಂಪೇಗೌಡರು ಕಟ್ಟಿಸಿದ ಈ ಪೇಟೆಯಲ್ಲಿ ಬೀದಿಯ ಹೆಸರೇ ಅಂಗಡಿಯ ಫಲಕ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ ಎಂದು ಕರೆದರೆ ಏನು ಮಾರುತ್ತಿದ್ದರೆಂದು ಬೇರೆ ಹೇಳಬೇಕಿಲ್ಲ. ದವಸ ಧಾನ್ಯಗಳಿಗೆ ತರಗುಪೇಟೆ ಬಹುಕಾಲದಿಂದ ಹೆಸರಾಗಿದೆ. ಇಂದಿಗೂ ಇಲ್ಲಿ ಬೇಳೆ, ಬೆಲ್ಲ, ಕೊಬ್ಬರಿ, ಒಣಮೆಣಸಿನಕಾಯಿಗಳನ್ನು ಚೀಲದ ಬಾಯಿ ಬಿಚ್ಚಿ ತೋರಿಸುವ ಅಂಗಡಿಗಳಿವೆ. ಬೇಳೆಯನ್ನು ಅಂಗೈಯಲ್ಲಿ ಹಿಡಿದು, ಒಂದೆರಡು ಕಾಳು ಕಚ್ಚಿ ನೋಡಿ, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ತೀರ್ಮಾನಿಸುವ ಅವಕಾಶ ಗಾಜಿನ ಬಾಗಿಲಿನ ಮಳಿಗೆಗಳಲ್ಲಿ ಎಲ್ಲಿ ದೊರೆತೀತು? ಐದು ಹತ್ತು ಕಿಲೋ ಕೊಳ್ಳುವ ಗೃಹಸ್ಥರಿಗೆ ಯಶವಂತಪುರಕ್ಕಿಂತ ಈ ಬೀದಿಗಳೇ ಹೊಂದುತ್ತವೆ.

ಇಲ್ಲಿಗೆ ಸಮೀಪದಲ್ಲೇ 1928ರಲ್ಲಿ ಕಟ್ಟಿದ ಕೃಷ್ಣರಾಜೇಂದ್ರ ಮಾರುಕಟ್ಟೆ. ನಸುಕಿನಲ್ಲಿ ಹೂವಿನ ವ್ಯಾಪಾರ, ಬೆಳಕು ಹರಿದ ಮೇಲೆ ತರಕಾರಿ, ಹಣ್ಣು, ಸೊಪ್ಪು. ಬೆಲೆ ಬಡಾವಣೆಗಳಿಗಿಂತ ಸಾಮಾನ್ಯವಾಗಿ ಕಡಿಮೆಯೇ. ಆದರೆ ಗುಡ್ಡೆಯ ಲೆಕ್ಕದಲ್ಲಿ ಕೊಳ್ಳುವಾಗ ಮೇಲಿನ ಟೊಮೆಟೊ ನೋಡಿದರೆ ಸಾಲದು, ಕೆಳಗಿನದನ್ನೂ ನೋಡಬೇಕು. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿದೆಯೇ ಎಂದು ಕೇಳಲು ಸಂಕೋಚ ಬೇಡ. ಕಷ್ಟಪಟ್ಟು ಗಳಿಸಿದ ಹಣಕ್ಕೆ ಸರಿಯಾದ ತೂಕ ಕೇಳುವುದು ಜಗಳವಲ್ಲ, ಧರ್ಮ. ಮೂರು ದಿನ ಉಳಿಯುವ ಬದನೆ, ಕ್ಯಾರೆಟ್, ಬೀಟ್‌ರೂಟ್‌ಗಳನ್ನು ಇಲ್ಲಿಂದ ಒಯ್ಯಬಹುದು. ಸಂಜೆಯೊಳಗೆ ಬಾಡುವ ಸೊಪ್ಪಿಗಾಗಿ ಇಷ್ಟು ದೂರ ಬರುವುದು ವ್ಯರ್ಥ.

ದಿನದಿನದ ತರಕಾರಿಗೆ ಬೇರೊಂದು ದಾರಿಯಿದೆ. ತೋಟಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ. ಎಚ್. ಮರೀಗೌಡರ ಆಸಕ್ತಿಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆಯೇ ಇಂದಿನ ಹಾಪ್‌ಕಾಮ್ಸ್. ಲಾಲ್‌ಬಾಗ್‌ನಲ್ಲಿ ಮಾತ್ರವಲ್ಲದೆ ಅನೇಕ ಬಡಾವಣೆಗಳಲ್ಲಿ ಅದರ ಮಳಿಗೆಗಳಿವೆ. ಬೆಳೆಗಾರರಿಂದ ನೇರವಾಗಿ ಕೊಂಡು ಗೊತ್ತಾದ ದರಕ್ಕೆ ಮಾರುವುದು ಇಲ್ಲಿಯ ಪದ್ಧತಿ. ಚೌಕಾಸಿ ಬಾರದವರಿಗೆ, ವಯಸ್ಸಾದವರಿಗೆ ಇದು ದೊಡ್ಡ ನೆಮ್ಮದಿ. ಕೆಲವು ದಿನ ಕೆಲವು ಪದಾರ್ಥ ಗಾಡಿಯವನಲ್ಲಿ ಅಗ್ಗವಾಗಿರಬಹುದು. ಆದರೂ ಅಂದಿನ ದರ ಏನೆಂದು ತಿಳಿಯಲು ಈ ಮಳಿಗೆಯ ಫಲಕವೊಂದು ಒಳ್ಳೆಯ ಅಳತೆಗೋಲು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆದಾಗ ಹೋದವರು ಬಸವಣ್ಣನ ದರ್ಶನದೊಡನೆ ಹೊಸ ಕಡಲೆಕಾಯಿಯನ್ನೂ ಚೀಲ ತುಂಬ ತರಬಹುದು.

ಇನ್ನು ತಂಪು ಗಾಳಿ ಬೀಸುವ ದೊಡ್ಡ ಮಳಿಗೆಗಳು. ಎಣ್ಣೆ, ಸಕ್ಕರೆ, ಸಾಬೂನುಗಳಂಥ ಪೊಟ್ಟಣದ ಸಾಮಾನು ಅಲ್ಲಿ ಮುದ್ರಿತ ಬೆಲೆಗಿಂತ ಕಡಿಮೆಗೆ ದೊರೆಯುವುದುಂಟು. ಪಟ್ಟಿ ಬರೆದುಕೊಂಡು ಹೋಗಿ ಪಟ್ಟಿಯಲ್ಲಿದ್ದುದನ್ನಷ್ಟೇ ತರುವವರಿಗೆ ಲಾಭವಿದೆ. ಬರಿಗೈಯಲ್ಲಿ ಹೋಗಿ ಗಾಡಿ ತಳ್ಳುತ್ತ ಅಡ್ಡಾಡುವವರಿಗೆ ನಷ್ಟ. ಪೊಟ್ಟಣದ ಮೇಲೆ ಒಟ್ಟು ಬೆಲೆಯ ಜೊತೆಗೆ ಗ್ರಾಂ ಅಥವಾ ಕಿಲೋ ಒಂದಕ್ಕೆ ಎಷ್ಟೆಂಬ ದರವನ್ನೂ ಈಗ ಮುದ್ರಿಸುತ್ತಾರೆ. ದೊಡ್ಡ ಪೊಟ್ಟಣವೇ ಅಗ್ಗವೆಂದು ನಂಬುವ ಮೊದಲು ಆ ಸಣ್ಣ ಅಕ್ಷರವನ್ನು ಓದಬೇಕು. ಇನ್ನೊಂದು ಮಾತು: 2022ರ ಜುಲೈ 18ರಿಂದ 25 ಕಿಲೋವರೆಗಿನ, ಮೊದಲೇ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟುಗಳಿಗೆ ಶೇಕಡಾ 5ರಷ್ಟು ತೆರಿಗೆ ಬಂದಿತು, ಬಿಡಿಯಾಗಿ ತೂಗಿ ಕೊಡುವುದಕ್ಕೆ ಆ ತೆರಿಗೆಯಿಲ್ಲ. ಅಂಗಡಿಗಳಲ್ಲಿ 26 ಕಿಲೋದ ಅಕ್ಕಿ ಚೀಲ ಕಾಣಿಸಿಕೊಂಡುದರ ಗುಟ್ಟು ಇದೇ. ಬಿಡಿ ಬೇಳೆ ಕೊಳ್ಳುವವರು ಕಲ್ಲು, ಕಸ, ಬಣ್ಣಗಳನ್ನು ಪರೀಕ್ಷಿಸಿ ಕೊಳ್ಳಬೇಕು. ಮೆಣಸಿನಪುಡಿ, ಅರಿಸಿನಪುಡಿಗಳನ್ನಂತೂ ಬಿಡಿಯಾಗಿ ಕೊಳ್ಳದೆ, ಇಡಿಯ ಮೆಣಸಿನಕಾಯಿ, ಅರಿಸಿನಕೊಂಬು ತಂದು ಗಿರಣಿಯಲ್ಲಿ ಬೀಸಿಸುವುದೇ ಕ್ಷೇಮ.

ದೂರವಾಣಿಯ ಪರದೆ ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ಬಾಗಿಲಿಗೆ ಸಾಮಾನು ತಂದುಕೊಡುವ ವ್ಯವಸ್ಥೆಯೂ ಬಂದಿದೆ. ಕಾಯಿಲೆಯವರಿರುವ ಮನೆಗೆ, ಹಸುಗೂಸಿನ ತಾಯಿಗೆ ಇದು ಉಪಕಾರವೇ. ಆದರೆ ಒಂದು ಕಟ್ಟು ಕೊತ್ತಂಬರಿಗೂ ಅದನ್ನೇ ಅವಲಂಬಿಸಿದರೆ ತಲುಪಿಸುವ ಶುಲ್ಕ, ನಿರ್ವಹಣೆಯ ಶುಲ್ಕ ಎಂದು ಸೇರುತ್ತ ಹೋಗುವ ಹಣ ತಿಂಗಳ ಕೊನೆಗೆ ಲೆಕ್ಕಕ್ಕೆ ಸಿಕ್ಕುತ್ತದೆ.

ಕೊನೆಗೆ ನಮ್ಮ ಬೀದಿಯ ತಿರುವಿನ ಕಿರಾಣಿ ಅಂಗಡಿ. ಪೇಟೆಗಿಂತ ಕಿಲೋಗೆ ನಾಲ್ಕಾರು ರೂಪಾಯಿ ಇಲ್ಲಿ ಹೆಚ್ಚಾಗಬಹುದು. ಆದರೆ 2020ರಲ್ಲಿ ಸಾಂಕ್ರಾಮಿಕದ ಕಾರಣ ಕೃಷ್ಣರಾಜೇಂದ್ರ ಮಾರುಕಟ್ಟೆ ತಿಂಗಳುಗಟ್ಟಲೆ ಬಾಗಿಲು ಹಾಕಿದಾಗ ನಮಗೆ ಅಕ್ಕಿ ಬೇಳೆ ಕೊಟ್ಟವರು ಇಂಥ ಅಂಗಡಿಯವರೇ. ಸಂಬಳ ತಡವಾದ ತಿಂಗಳು ‘ಆಮೇಲೆ ಕೊಡಿ ಅಕ್ಕಾ’ ಎಂದು ಪುಸ್ತಕದಲ್ಲಿ ಬರೆದುಕೊಳ್ಳುವವರೂ ಅವರೇ. ಎಲ್ಲ ಸಾಮಾನನ್ನೂ ಹೊರಗೆ ತಂದು, ಕಷ್ಟ ಬಂದಾಗ ಮಾತ್ರ ಅವರ ಮೆಟ್ಟಿಲೇರುವುದು ನ್ಯಾಯವೆನಿಸದು. ಹಾಲು, ಸೊಪ್ಪು, ಅವಲಕ್ಕಿ, ರವೆ ಮುಂತಾದ ವಾರದ ಸಣ್ಣ ಸಾಮಾನನ್ನು ಅವರಲ್ಲೇ ಕೊಳ್ಳುವುದು ಒಳ್ಳೆಯ ನೆರೆಹೊರೆ.

ಇಷ್ಟೆಲ್ಲ ಸುತ್ತಿದ ಮೇಲೆ ನಮಗೆ ತೋರಿದ್ದು ಇದು: ಎಲ್ಲವೂ ಅಗ್ಗವಾಗಿರುವ ಒಂದು ಅಂಗಡಿ ಬೆಂಗಳೂರಿನಲ್ಲಿಲ್ಲ. ಆದರೆ ಒಂದೊಂದು ಪದಾರ್ಥಕ್ಕೂ ಅದರದೇ ಸ್ಥಳವಿದೆ, ಅದರದೇ ಕಾಲವಿದೆ. ಇದು ನಮ್ಮ ಹಿರಿಯರಿಗೆ ತಿಳಿಯದ ವಿದ್ಯೆಯಲ್ಲ. ಸುಗ್ಗಿ ಮುಗಿದೊಡನೆ ವರ್ಷದ ಜೋಳ, ತೊಗರಿ, ಹುಣಸೆ, ಮೆಣಸಿನಕಾಯಿಗಳನ್ನು ಬಿಸಿಲಿಗೆ ಹಾಕಿ ತುಂಬಿಡುತ್ತಿದ್ದ ಮನೆಗಳಿಂದಲೇ ನಾವೆಲ್ಲ ಬಂದವರು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೂ 2019ರಲ್ಲಿ ಕಲಬುರಗಿಯ ತೊಗರಿಬೇಳೆಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಈ ಎರಡೂ ಸಂಕ್ರಾಂತಿಯ ಆಸುಪಾಸಿನಲ್ಲಿ ಪೇಟೆಗೆ ಹೇರಳವಾಗಿ ಬರುತ್ತವೆ. ಹುಣಸೆ ಬೇಸಿಗೆಯ ಹೊಸ್ತಿಲಲ್ಲಿ ಬರುತ್ತದೆ. ಹಿಂಗಾರಿನ ಬಿಳಿಜೋಳ ಶಿವರಾತ್ರಿಯ ನಂತರ ಕೈಗೆ ಸಿಗುತ್ತದೆ. ಆಗ ಕೊಂಡು, ಎರಡು ದಿನ ಬಾಲ್ಕನಿಯ ಬಿಸಿಲಿನಲ್ಲಿ ಒಣಗಿಸಿ, ಬೇಳೆಗೆ ಒಣಬೇವಿನ ಎಲೆ, ಹುಣಸೆಗೆ ಉಪ್ಪು ಬೆರೆಸಿ ಜಾಡಿಗೆ ತುಂಬಿದರೆ ಮಳೆಗಾಲದ ಏರುಬೆಲೆಯ ಬಿಸಿ ನಮಗೆ ತಟ್ಟದು. ಅಕ್ಕಿಯಲ್ಲಿಯೂ ಹಳೆಯದನ್ನೇ ಆರಿಸಬೇಕು. ಹೊಸದಕ್ಕಿಂತ ಅದು ಅನ್ನವಾಗುವಾಗ ಹೆಚ್ಚು ಒದಗುತ್ತದೆ.

ಆದುದರಿಂದ ವರ್ಷದ ಸಾಮಾನು ಸುಗ್ಗಿಯ ಕಾಲಕ್ಕೆ ಹಳೆಯ ಪೇಟೆಯಲ್ಲಿ, ಸಾಧ್ಯವಾದರೆ ನೆರೆಯವರೊಡನೆ ಕೂಡಿ ಮಂಡಿಯಲ್ಲಿ. ತಿಂಗಳ ಪೊಟ್ಟಣಗಳು ಪಟ್ಟಿ ಹಿಡಿದು ದೊಡ್ಡ ಮಳಿಗೆಯಲ್ಲಿ. ವಾರದ ತರಕಾರಿ ಮಾರುಕಟ್ಟೆಯಲ್ಲಿ ಇಲ್ಲವೆ ಬೆಳೆಗಾರರ ಮಳಿಗೆಯಲ್ಲಿ. ದಿನದ ಸಾಮಾನು ಬೀದಿಯ ಅಂಗಡಿಯಲ್ಲಿ. ಹೀಗೆ ಹಂಚಿಕೊಂಡು ನಡೆದ ಸಂಸಾರದಲ್ಲಿ ಉಳಿಯುವ ಹಣ ಅಲ್ಪವಾದರೂ ಅದು ಮಗಳ ಪುಸ್ತಕಕ್ಕೆ, ಅತ್ತೆಯವರ ಔಷಧಕ್ಕೆ, ಹೊತ್ತಿಗೆ ಬಂದ ಅತಿಥಿಯ ಊಟಕ್ಕೆ ಒದಗುತ್ತದೆ. ಮನೆಯ ಸಾಮಾನು ತರುವ ಕೆಲಸ ಗೃಹಿಣಿಯೊಬ್ಬಳದೇ ಎಂದು ತಿಳಿಯದೆ ಯಜಮಾನರೂ ಬೆಳೆದ ಮಕ್ಕಳೂ ಚೀಲ ಹಿಡಿದು ಜೊತೆಗೆ ಹೊರಡಲಿ. ಪೇಟೆಯ ದಾರಿ ಬಲ್ಲ ಮಕ್ಕಳಿಗೆ ಹಣದ ಬೆಲೆಯನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.