ಮೂರನೆಯ ಪಿನ್ನು

ನೊಳಂಬರ ಕಾಲದಲ್ಲಿ ನಮ್ಮ ಹೇಮಾವತಿಗೆ ಹೆಂಜೇರು ಎಂದು ಹೆಸರು. ಇಲ್ಲಿನ ಗುಡಿಯ ಕರಿಕಲ್ಲಿನ ಕಂಬಗಳನ್ನು ಚೋಳರು ಗೆದ್ದು ಒಯ್ದರು. ತಂಜಾವೂರಿನ ಬಳಿಯ ತಿರುವೈಯಾರಿನಲ್ಲಿ ಅವು ಇಂದಿಗೂ ನಿಂತಿವೆ. ಕಲ್ಲಿನ ಕಂಬ ಕೈ ಬದಲಾದರೆ ಕೆಡುವುದಿಲ್ಲ. ಕರೆಂಟಿನ ಸಾಮಾನು ಹಾಗಲ್ಲ.

ಬ್ಯಾಂಕಿನವರಿಗೆ ವರ್ಗಾವಣೆ ಬಂತೆಂದರೆ ಮನೆಯ ಅರ್ಧ ಸಾಮಾನು ಅಲ್ಲಲ್ಲೇ ಬಿಕರಿ. ಹೀಗೆ ಅಧಿಕಾರಿಯೊಬ್ಬರು ಬಿಟ್ಟುಹೋದ ಫ್ರಿಜ್ಜನ್ನು ನಮ್ಮ ಪಕ್ಕದ ಮನೆಯ ಅಕ್ಕ ಕೊಂಡರು. ನಾಲ್ಕನೆಯ ದಿನ, ನೆಲ ಒರೆಸಿದ ಹೊತ್ತಿನಲ್ಲಿ, ಒದ್ದೆಗಾಲಲ್ಲಿ ಅದರ ಬಾಗಿಲು ಮುಟ್ಟಿದ ಮೊಮ್ಮಗಳು ಕಿರುಚಿಕೊಂಡು ಹಿಂದಕ್ಕೆ ಬಿದ್ದಳು. ದೇವರು ದೊಡ್ಡವನು, ಮಗು ಉಳಿಯಿತು.

"ನಮ್ಮನೇಲಿ ಎಂಟು ವರ್ಷ ಇತ್ತಲ್ರೀ, ಒಂದು ದಿನಾನೂ ಹೀಗಾಗಿರಲಿಲ್ಲ" ಎಂದರು ಮಾರಿದವರು ಫೋನಿನಲ್ಲಿ. ಸುಳ್ಳಲ್ಲ. ಅವರ ಮನೆಯಲ್ಲಿ ಅರ್ತಿಂಗ್ ಇತ್ತು. ಅಕ್ಕನ ಗೋಡೆಯಲ್ಲಿದ್ದುದು ಎರಡೇ ತೂತು. ಆದ್ದರಿಂದ ಫ್ರಿಜ್ಜಿನ ಪ್ಲಗ್ಗನ್ನು ಕತ್ತರಿಸಿ ಎರಡು ಪಿನ್ನಿನದನ್ನು ಹಾಕಿಸಿದ್ದರು.

ಆ ಮೂರನೆಯ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಚುಚ್ಚುವಾಗ ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಒಳಗಿನ ವಯರು ಸವೆದು ತಗಡಿಗೆ ತಾಗಿದರೆ ಕರೆಂಟು ಈ ದಾರಿಯಲ್ಲಿ ಇಳಿದು ಫ್ಯೂಸು ಹಾರುತ್ತದೆ. ದಾರಿ ಮುಚ್ಚಿದರೆ ಮುಟ್ಟಿದವರ ಮೈಯೇ ದಾರಿ. ನಿಮ್ಮ ಕಾಸರಗೋಡಿನಂತೆ ಮಳೆ ಸುರಿಯುವ ಸೀಮೆಯಲ್ಲ ನಮ್ಮದು. ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿದ್ದರೂ ಬೇಸಿಗೆಯಲ್ಲಿ ಆಗಾಗ ಕೊಡ ನೀರು ಹೊಯ್ಯಬೇಕು. ಒಣನೆಲ ಕರೆಂಟನ್ನು ಸುಲಭವಾಗಿ ಹೀರುವುದಿಲ್ಲ.

ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಮುಂತಾದವಕ್ಕೆ ಐಎಸ್‌ಐ ಗುರುತು ಇರಲೇಬೇಕೆಂದು 2003ರ ಸರಕಾರಿ ಆದೇಶ ಹೇಳಿತು. ಆದರೆ ಆ ಗುರುತು ಸಾಕ್ಷಿ ಹೇಳುವುದು ಕಾರ್ಖಾನೆಯಿಂದ ಹೊರಟ ದಿನಕ್ಕೆ. ಹತ್ತು ವರ್ಷ ಬಿಸಿಲು, ಧೂಳು, ಇಲಿಹಲ್ಲು ಕಂಡ ವಯರಿಗಲ್ಲ. ಬ್ರಿಟನ್ನಿನ 1994ರ ನಿಯಮಗಳು ಹಳೆಯ ಸಾಮಾನು ಮಾರುವ ವ್ಯಾಪಾರಿಯನ್ನೂ ಹೊಣೆಗಾರನನ್ನಾಗಿ ಮಾಡಿದವು. ನಮ್ಮಲ್ಲಿ ವ್ಯವಹಾರ ನಡೆಯುವುದು ನೆರೆಹೊರೆಯವರ ನಡುವೆ, ಬಾಯಿಮಾತಿನಲ್ಲಿ. ಅಲ್ಲಿ ಹೊಣೆ ಯಾರದು?

ಮಾರುವವನದೂ ಹೌದು, ಕೊಳ್ಳುವವನದೂ ಹೌದು. ಮಾರುವವನು ರಿಪೇರಿಯ ಚರಿತ್ರೆಯನ್ನು ಮುಚ್ಚಿಡಬಾರದು. ಕೊಳ್ಳುವವನು ಬೆಲೆ ಚೌಕಾಸಿಗೆ ಮುಂಚೆ ವಯರನ್ನು ಉದ್ದಕ್ಕೂ ನೋಡಬೇಕು. ತೇಪೆ ಇದ್ದರೆ ಬದಲಾಯಿಸಬೇಕು. ಬಲ್ಲ ಎಲೆಕ್ಟ್ರಿಷಿಯನ್ನನಿಂದ ಸಾಮಾನನ್ನಷ್ಟೇ ಅಲ್ಲ, ಮನೆಯ ಅರ್ತಿಂಗನ್ನೂ ಪರೀಕ್ಷೆ ಮಾಡಿಸಬೇಕು. ಎಕರೆ ಹೊಲಕ್ಕೆ ಸಾಲ ಕೊಡುವಾಗ ಅಡಂಗಲ್ಲು, ಪಾಸ್‌ಬುಕ್ಕು ಎಲ್ಲವನ್ನೂ ತಿರುವಿಹಾಕುತ್ತೇವೆ. ಹಸುಗೂಸುಗಳು ಓಡಾಡುವ ಮನೆಗೆ ಬರುವ ಹಳೆಯ ಪೆಟ್ಟಿಗೆಗೆ ಅಷ್ಟು ವಿಚಾರಣೆಯಾದರೂ ಬೇಡವೇ?